ಬ್ರೌಸರ್‌ನಲ್ಲೇ ಟೇಬಲ್ ಸ್ಟ್ರಕ್ಚರ್: ನೋಡಿ, ಮುಟ್ಟಬೇಡಿ

ಡೇಟಾಬೇಸ್‌ನ ಟೇಬಲ್ ಹೇಗಿದೆ ನೋಡಿ ಅಂದರೆ ಹೆಚ್ಚಿನವರು ಅದರೊಳಗಿನ ಡೇಟಾ ತೆರೆದು ಕೂರುತ್ತಾರೆ. ನಾಲ್ಕು ಸಾಲು ನೋಡಿ, 'ಫೋನ್ ನಂಬರ್ ಕಾಲಂ ಇದೆ, ಇಂಟ್ (ಪೂರ್ಣಾಂಕ) ಇರಬೇಕು' ಎಂದು ಊಹಿಸುತ್ತಾರೆ. ತೆಗೆದು ನೋಡಿದರೆ ಅದು ವಾರ್‌ಚಾರ್, ಅಂದರೆ ಅಕ್ಷರಗಳ ಪಠ್ಯ. ಇರಬೇಕಾದದ್ದೂ ಅದೇ. ಇಂಟ್ ಆದರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ, 2147483647 ದಾಟಿದ ನಂಬರ್ ಹಿಡಿಸುವುದೇ ಇಲ್ಲ. ಹಾಗಾಗಿ ಊಹೆ ಬೇಡ, ಸ್ಟ್ರಕ್ಚರನ್ನೇ, ಅಂದರೆ ಕಾಲಂಗಳ ಟೈಪ್ ಮತ್ತು ನಿಯಮಗಳ ಪಟ್ಟಿಯನ್ನೇ ನೋಡೋಣ. ಇಲ್ಲಿ ಹೇಳುವುದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಮತ್ತು ಅದನ್ನು ಬ್ರೌಸರ್‌ನಲ್ಲೇ ತೋರಿಸುವ ಪಿಎಚ್‌ಪಿಮೈಅಡ್ಮಿನ್ ಬಗ್ಗೆ.

ಹಂತ 1: ಲಾಗಿನ್. ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಹೋಗಲೇಬೇಡಿ. ಸೆಲೆಕ್ಟ್ (ಓದುವ) ಅನುಮತಿ ಮಾತ್ರ ಇರುವ ಒಂದು ಯೂಸರ್ ಮಾಡಿಸಿಕೊಳ್ಳಿ. ಸ್ಟ್ರಕ್ಚರ್ ನೋಡಲು ಅಷ್ಟು ಸಾಕು. ಸ್ಟ್ರಕ್ಚರ್ ಪುಟದಲ್ಲಿ ಪ್ರತಿ ಕಾಲಂ ಪಕ್ಕ 'ಚೇಂಜ್' ಇದೆ, ಅದಕ್ಕೆ ಅಂಟಿಕೊಂಡೇ 'ಡ್ರಾಪ್' (ಅಳಿಸು) ಇದೆ. ನನ್ನ ಕಣ್ಣೆದುರೇ ಒಬ್ಬರು ಸುಮ್ನೆ ನೋಡಲೆಂದು ಚೇಂಜ್ ಒತ್ತಿದರು. ಮೌಸ್ ಚಕ್ರ ಉರುಳಿ ಟೈಪ್ ಬದಲಾದದ್ದು ಅವರ ಗಮನಕ್ಕೇ ಬರಲಿಲ್ಲ. ಹೊರಗೆ ಬರಲು 'ಸೇವ್' ಒತ್ತಿದರು. ಉಳಿದ ಕತೆ ಬೇಡ ಬಿಡಿ.

ಹಂತ 2: ಎಡಗಡೆ ಡೇಟಾಬೇಸ್, ಅದರ ಕೆಳಗೆ ಟೇಬಲ್, ನಂತರ ಮೇಲಿನ 'ಸ್ಟ್ರಕ್ಚರ್' ಟ್ಯಾಬ್. ಅಷ್ಟೇ.

ಅಡ್ಮಿನರ್ (ಇಂಥದ್ದೇ ಇನ್ನೊಂದು ಟೂಲ್) ಬಳಸುವವರಿಗೆ ಈ ಸುತ್ತೂ ಇಲ್ಲ. ಟೇಬಲ್ ಹೆಸರು ಒತ್ತಿದರೆ ನೇರ ಸ್ಟ್ರಕ್ಚರ್ ಬರುತ್ತದೆ. ಒಂದೇ ಪಿಎಚ್‌ಪಿ ಫೈಲ್, ಸರ್ವರ್‌ಗೆ ಹಾಕಿದರೆ ಮುಗಿಯಿತು. ನನಗೆ ಅದೇ ಇಷ್ಟ. ಆದರೆ ಕೆಲಸ ಮುಗಿದ ಮೇಲೆ ಫೈಲನ್ನು ಅಲ್ಲೇ ಬಿಟ್ಟು ಬರುವವರೇ ಜಾಸ್ತಿ. ಹಳೆಯ ಆವೃತ್ತಿಗಳಲ್ಲಿ ಹೊರಗಿನವರು ಸರ್ವರ್‌ನ ಫೈಲ್‌ಗಳನ್ನೇ ಓದಬಹುದಾದ ತೂತು ಇತ್ತು. ಅಳಿಸಿ ಬನ್ನಿ.

ಹಂತ 3: ಓದುವುದು. ಎಲ್ಲರೂ ಎಡವುವುದು ಇಲ್ಲೇ.

ಮೊದಲು ಟೈಪ್. ಇಂಟ್ ಪಕ್ಕದ ಕಂಸದಲ್ಲಿ 11 ಅಂತ ಕಂಡರೆ 11 ಅಂಕಿ ಹಿಡಿಸುತ್ತದೆ ಎಂದಲ್ಲ. ಅದು ತೋರಿಸುವಾಗಿನ ಅಗಲ ಮಾತ್ರ, 8.0.17ನೇ ಆವೃತ್ತಿಯಿಂದ ಮೈಎಸ್‌ಕ್ಯೂಎಲ್ಲೇ ಅದನ್ನು ಬೇಡ ಅಂದಿದೆ. ವಾರ್‌ಚಾರ್ ಪಕ್ಕದ 50 ಮಾತ್ರ ನಿಜವಾದ ಮಿತಿ, 50 ಅಕ್ಷರ. ಅಕ್ಷರ ಅಂದರೆ ನಾವು ಎಣಿಸುವ ಲೆಕ್ಕವೂ ಅಲ್ಲ. 'ಕ್ಷ' ನಮಗೆ ಒಂದು, ಮೈಎಸ್‌ಕ್ಯೂಎಲ್‌ಗೆ ಮೂರು: ಕ, ಹಲಂತದ ಗುರುತು, ಷ.

ಇನ್ನು 'ನಲ್' (ಬೆಲೆಯೇ ಇಲ್ಲದ ಖಾಲಿ) ಮತ್ತು 'ಡಿಫಾಲ್ಟ್' (ನೀವು ಏನೂ ಕೊಡದಿದ್ದರೆ ಬೀಳುವ ಬೆಲೆ). ಡಿಫಾಲ್ಟ್ ಕೆಳಗೆ 'ನನ್' (None) ಎಂದಿದ್ದರೆ ಪೂರ್ವನಿಗದಿತ ಬೆಲೆಯೇ ಇಲ್ಲ ಎಂದರ್ಥ. 'ನಲ್' ಎಂದಿದ್ದರೆ ನೀವು ಏನೂ ಕೊಡದಿದ್ದಾಗ ನಲ್ ಹೋಗಿ ಕೂರುತ್ತದೆ. ಎರಡೂ ಒಂದೇ ಥರ ಕೇಳಿಸುತ್ತದೆ ಅಲ್ವಾ? ಕೆಲಸ ಪೂರ್ತಿ ಬೇರೆ. ಆರ್ಡರ್ ಟೇಬಲ್‌ನಲ್ಲಿ ಗ್ರಾಹಕರ ಐಡಿ ಎದುರು ನಲ್‌ಗೆ 'ನೋ' (ಖಾಲಿ ಬಿಡುವಂತಿಲ್ಲ), ಡಿಫಾಲ್ಟ್‌ಗೆ 'ನನ್' ಇದೆ ಎಂದುಕೊಳ್ಳಿ. ಐಡಿ ಕೊಡದೆ ಸಾಲು ಸೇರಿಸಿದರೆ, ತಪ್ಪು ಡೇಟಾವನ್ನು ತಡೆಯುವ ಸ್ಟ್ರಿಕ್ಟ್ ಮೋಡ್‌ನಲ್ಲಿ ಎರರ್ ಬರುತ್ತದೆ. ಆ ಮೋಡ್ ಇಲ್ಲದಿದ್ದರೆ ಇನ್ನೂ ಕೆಟ್ಟದ್ದು: ಸದ್ದಿಲ್ಲದೆ 0 ಬಿದ್ದಿರುತ್ತದೆ.

ಕಾಲಂ ಹೆಸರಿನ ಪಕ್ಕ ಚಿನ್ನದ ಬಣ್ಣದ ಕೀಲಿ ಇದ್ದರೆ ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವುದು), ಬೂದು ಕೀಲಿ ಇದ್ದರೆ ಬೇರೆ ಇಂಡೆಕ್ಸ್ (ಬೇಗ ಹುಡುಕಲು ಮಾಡಿಟ್ಟ ಪಟ್ಟಿ). ಕೀಲಿ ನೋಡಿ ತೃಪ್ತರಾಗಬೇಡಿ, ಕೆಳಗೆ ಸ್ಕ್ರಾಲ್ ಮಾಡಿ 'ಇಂಡೆಕ್ಸಸ್' ಪಟ್ಟಿ ನೋಡಿ. ಎರಡು ಕಾಲಂ ಸೇರಿಸಿ ಮಾಡಿದ ಇಂಡೆಕ್ಸ್‌ನಲ್ಲಿ ಯಾವುದು ಮೊದಲು ಎಂಬುದು ಮುಖ್ಯ. ಎರಡನೆಯದನ್ನು ಮಾತ್ರ ಹಿಡಿದು ಹುಡುಕುವುದು ಎಂದರೆ, ನಿಘಂಟಿನಲ್ಲಿ ಪದದ ಎರಡನೇ ಅಕ್ಷರ ಹಿಡಿದು ಹುಡುಕಿದ ಹಾಗೆ.

ಕಾಲಂ ಹೆಸರಿನ ಕೊನೆಗೆ ಐಡಿ ಇದ್ದ ಮಾತ್ರಕ್ಕೆ ಫಾರಿನ್ ಕೀ (ಬೇರೆ ಟೇಬಲ್‌ಗೆ ಕೊಂಡಿ) ಇದೆ ಎಂದು ನಂಬಬೇಡಿ. 'ರಿಲೇಷನ್ ವ್ಯೂ' ಒತ್ತಿ ನೋಡಿ. ಟೇಬಲ್ ಮೈಐಸ್ಯಾಮ್ ಎಂಜಿನ್‌ನದ್ದಾದರೆ (ಎಂಜಿನ್ ಅಂದರೆ ಡೇಟಾ ಶೇಖರಿಸುವ ವಿಧಾನ) ಹುಡುಕುವುದೇ ಬೇಡ, ಅದರಲ್ಲಿ ಫಾರಿನ್ ಕೀ ಇರುವುದಿಲ್ಲ.

ಹಂತ 4: ಬೇರೆಯವರಿಗೆ ಕಳಿಸುವುದಾದರೆ ಸ್ಕ್ರೀನ್‌ಶಾಟ್ ದಯವಿಟ್ಟು ಬೇಡ. 'ಎಸ್‌ಕ್ಯೂಎಲ್' ಟ್ಯಾಬ್‌ನಲ್ಲಿ ಶೋ ಕ್ರಿಯೇಟ್ ಟೇಬಲ್ (SHOW CREATE TABLE) ಎಂದು ಬರೆದು ಮುಂದೆ ಟೇಬಲ್ ಹೆಸರು ಹಾಕಿ. ಇಡೀ ಸ್ಟ್ರಕ್ಚರ್ ಬರಹವಾಗಿ ಬರುತ್ತದೆ. ಉತ್ತರ ಅರ್ಧಕ್ಕೇ ನಿಂತು ಮೂರು ಚುಕ್ಕಿ ಕಾಣಿಸಿದರೆ ಗಾಬರಿ ಬೇಡ. ಫಲಿತಾಂಶದ ಮೇಲಿರುವ ಆಪ್ಷನ್ಸ್ ತೆರೆದು 'ಫುಲ್ ಟೆಕ್ಸ್ಟ್ಸ್' ಆರಿಸಿ, ಆಮೇಲೆ ಕಾಪಿ ಮಾಡಿ.