ಆಫ್‌ಶೋರ್ ಎಲೆಕ್ಟ್ರಿಷಿಯನ್ ಕೆಲಸ: ನನ್ನ ಅರ್ಜಿ ಮುಂದೆ ಹೋಗಿದ್ದು ಹೀಗೆ

ಕಾರವಾರದ ಸುತ್ತಮುತ್ತ ವರ್ಷಗಟ್ಟಲೆ ಮೋಟಾರು, ಪ್ಯಾನೆಲ್, ಜನರೇಟರ್ ಕೆಲಸ ಮಾಡಿದವನು ನಾನು. ಆದರೂ ಸಮುದ್ರದ ನಡುವೆ ಎಣ್ಣೆ, ಗ್ಯಾಸ್ ತೆಗೆಯುವ ರಿಗ್ ಕೆಲಸಕ್ಕೆ ಹಾಕಿದ ಅರ್ಜಿಗೆ ಉತ್ತರವೇ ಬರುತ್ತಿರಲಿಲ್ಲ. ಮುಂಬೈ ಕಡಲಿನ ಎಣ್ಣೆ ಕ್ಷೇತ್ರ ಬಾಂಬೆ ಹೈಯಲ್ಲಿ ದುಡಿದು ಬಂದ ಅಂಕೋಲೆಯ ಅಣ್ಣನೊಬ್ಬ ಬಯೋಡೇಟಾ ನೋಡಿ, "ಕೆಲಸ ಗೊತ್ತುಂಟು ಮಾರಾಯ, ಗ್ಯಾಸ್ ಇರುವಲ್ಲಿ ಮಾಡಬಲ್ಲೆ ಅನ್ನೋದಕ್ಕೆ ಕಾಗದ ಎಲ್ಲುಂಟು?" ಎಂದ. ತೊಡಕು ಅಲ್ಲೇ ಇತ್ತು.

ಮೊದಲು ಕಾಂಪೆಕ್ಸ್ ಕೋರ್ಸ್ ಮಾಡಿದೆ, ಅಂದರೆ ಸಿಡಿಯುವ ಗ್ಯಾಸ್ ಇರುವಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಬಲ್ಲೆ ಎನ್ನುವುದಕ್ಕೆ ಸರ್ಟಿಫಿಕೇಟ್. ಇದೇ ನಿಜವಾದ ಬಾಗಿಲು. ಫ್ಲೇಮ್‌ಪ್ರೂಫ್ ಪೆಟ್ಟಿಗೆಯೊಳಗೆ ಕಿಡಿ ಹೊತ್ತಿ ಗ್ಯಾಸ್ ಸಿಡಿದರೂ, ಆ ಬೆಂಕಿ ಫ್ಲೇಂಜಿನ (ಮುಚ್ಚಳ ಕೂರುವ ಅಂಚಿನ) ಸಣ್ಣ ಸಂದಿಯಲ್ಲಿ ಹಾಯುವಾಗ ತಣ್ಣಗಾಗಬೇಕು. ಅಲ್ಲಿ ಗೀರು ಬಿದ್ದಿದ್ದರೆ, ಒಂದು ಬೋಲ್ಟ್ ಇಲ್ಲದಿದ್ದರೆ, ಕೇಬಲ್ ಒಳಹೋಗುವಲ್ಲಿ ತಪ್ಪು ಗ್ಲ್ಯಾಂಡ್ ಹಾಕಿದ್ದರೆ ಆ ಪೆಟ್ಟಿಗೆಯನ್ನು ನಂಬುವಂತಿಲ್ಲ. ಎಷ್ಟೇ ಅನುಭವ ಇರಲಿ, ಇದನ್ನು ಕೂತು ಕಲಿಯಲೇಬೇಕು.

ಆಮೇಲೆ ಬೋಸಿಯೆಟ್, ಅಂದರೆ ಕಡಲ ಕೆಲಸಕ್ಕೆ ಹೋಗುವವರ ಸುರಕ್ಷತಾ ತರಬೇತಿ. ಅದರಲ್ಲಿ ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ನೀರಲ್ಲಿ ಮಗುಚಿದ ಹೆಲಿಕಾಪ್ಟರ್ ಮಾದರಿಯಿಂದ ಹೊರಬರುವುದು. ಈಜು ಬಲ್ಲ ಕರಾವಳಿಯವರಿಗೂ ತಲೆಕೆಳಗಾದಾಗ ದಿಕ್ಕು ತಪ್ಪುತ್ತದೆ. ಒಂದು ಕೈ ಕಿಟಕಿಯ ಅಂಚು ಬಿಡಬಾರದು.

ಆಮೇಲೆ ಬಯೋಡೇಟಾ ತಿದ್ದಿದೆ. ಮನೆ ವೈರಿಂಗ್ ತೆಗೆದು, ಎಂಸಿಸಿ ಪ್ಯಾನೆಲ್ (ಮೋಟಾರುಗಳ ನಿಯಂತ್ರಣ ಪ್ಯಾನೆಲ್), ಮೆಗ್ಗರ್ ಟೆಸ್ಟ್ (ಇನ್ಸುಲೇಷನ್ ಪರೀಕ್ಷೆ), ವರ್ಕ್ ಪರ್ಮಿಟ್ (ಕೆಲಸ ಶುರು ಮಾಡುವ ಮುನ್ನ ಪಡೆಯುವ ಲಿಖಿತ ಸುರಕ್ಷತಾ ಅನುಮತಿ) ಮೇಲೆ ಮಾಡಿದ ಕೆಲಸ ಮೇಲಕ್ಕೆ ತಂದೆ. ಕರೆ ಬಂತು.

ವಿದೇಶಕ್ಕೆ ಹೋಗುವವರು ಏಜೆಂಟರ ನೋಂದಣಿಯನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಜಿಎಸ್‌ಟಿ ಬೇರೆ. ಲಕ್ಷ ಕೇಳಿದರೆ ಎದ್ದು ಬನ್ನಿ. ಬೋಸಿಯೆಟ್ ಸರ್ಟಿಫಿಕೇಟಿನ ಅವಧಿ 4 ವರ್ಷ, ಕಾಂಪೆಕ್ಸ್ 5 ವರ್ಷ. ದುಡ್ಡು ಕಡಿಮೆ ಇದ್ದರೆ ಕಾಂಪೆಕ್ಸ್ ಮೊದಲು ಮಾಡಿ.