ಹಾಫ್‌ಟೈಮ್‌ನಲ್ಲಿ ಮಾತ್ರ ರಾಜಕೀಯ: ನಮ್ಮ ಬೇಸ್‌ಮೆಂಟಿನ ಈಗಲ್ಸ್ ಜಗಳಗಳು

2024ರ ನವೆಂಬರ್ 3, ಭಾನುವಾರ. ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕುವ ದಿನ. ಚುನಾವಣೆಗೆ ಇನ್ನು ಎರಡೇ ದಿನ ಇತ್ತು. ಆ ವಾರ ಪೆನ್ಸಿಲ್ವೇನಿಯಾದಲ್ಲಿ ಟೀವಿ ಹಾಕಿದವರಿಗೆ ಗೊತ್ತು: ಒಂದು ಜಾಹೀರಾತು ಟ್ರಂಪ್‌ದು, ಇನ್ನೊಂದು ಹ್ಯಾರಿಸ್‌ದು, ಮತ್ತೆ ಟ್ರಂಪ್. ಮಧ್ಯದಲ್ಲಿ ಸಮಯ ಸಿಕ್ಕಿದಾಗ ಸ್ವಲ್ಪ ಫುಟ್ಬಾಲ್, ಅಂದರೆ ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್ಬಾಲ್.

ಫಿಲಡೆಲ್ಫಿಯಾದ ಹೊರವಲಯದಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಅವತ್ತು ನಮ್ಮೂರಿನ ಟೀಮ್ ಈಗಲ್ಸ್‌ನ ಮ್ಯಾಚ್ ನೋಡಲು ಹನ್ನೊಂದು ಜನ ಸೇರಿದ್ದೆವು. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಟ್ರಂಪ್ ಬೆಂಬಲಿಗರ ಕೆಂಪು ಟೋಪಿ ಹಾಕಿಕೊಂಡೇ ಬಂದಿದ್ದರು. ನನ್ನ ಲ್ಯಾಬಿನ ಸಹೋದ್ಯೋಗಿ ಬೆಳಗ್ಗೆಯಿಂದ ಹ್ಯಾರಿಸ್ ಪರವಾಗಿ ಮನೆಮನೆ ಬಾಗಿಲು ತಟ್ಟಿ ಕಾಲು ನೋಯಿಸಿಕೊಂಡು ಬಂದಿದ್ದಳು. ಇಬ್ಬರೂ ಸೋಫಾದ ಎರಡು ತುದಿಯಲ್ಲಿ ಕೂತಿದ್ದರು. ಮಧ್ಯದಲ್ಲಿ ಮಂಡಕ್ಕಿ ಒಗ್ಗರಣೆಯ ದೊಡ್ಡ ಬೋಗುಣಿ.

ಎರಡನೇ ಕ್ವಾರ್ಟರ್‌ನಲ್ಲಿ ನಮ್ಮ ಈಗಲ್ಸ್‌ನ ಸೇಕ್ವಾನ್ ಬಾರ್ಕ್ಲಿ ಒಂದು ಸಣ್ಣ ಪಾಸ್ ಹಿಡಿದ. ಒಬ್ಬನಿಂದ ಗಿರ್ರನೆ ತಿರುಗಿ ತಪ್ಪಿಸಿಕೊಂಡ. ತಿರುಗಿದ ರಭಸಕ್ಕೆ ಬೆನ್ನು ಮುಂದಾಗಿತ್ತು. ಇನ್ನೊಬ್ಬ ಕಾಲಿಗೆ ಬೀಳಲು ಬಂದ. ಇವನು ಹಿಂದೆ ನೋಡದೆ, ಬೆನ್ನು ಮಾಡಿಕೊಂಡೇ ಅವನ ತಲೆಯ ಮೇಲಿಂದ ಹಾರಿಬಿಟ್ಟ. ಜಾಕ್ಸನ್‌ವಿಲ್ ಜಾಗ್ವಾರ್ಸ್ ಹುಡುಗನಿಗೆ ಏನಾಯಿತು ಅಂತಲೇ ಗೊತ್ತಾಗಲಿಲ್ಲ. ನಮಗೂ ಗೊತ್ತಾಗಲಿಲ್ಲ. ರೀಪ್ಲೇ ಬಂದಾಗ ಕೆಂಪು ಟೋಪಿಯವರೂ ನನ್ನ ಸಹೋದ್ಯೋಗಿಯೂ ಎದ್ದು ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿಯುತ್ತಿದ್ದರು. ಬೋಗುಣಿ ಕಾರ್ಪೆಟ್ ಮೇಲಿತ್ತು. ಕಾರ್ಪೆಟ್ಟಿನ ಆ ಅರಿಶಿನದ ಕಲೆ ಇವತ್ತಿಗೂ ಹೋಗಿಲ್ಲ.

ನಾನು ಮಂಡ್ಯ ಕಡೆಯವಳು. ಕಬಡ್ಡಿ ನೋಡಿ ಬೆಳೆದವಳು. ನನ್ನ ಗಂಡನಿಗೆ ಈ ಆಟ ಅಂದರೆ ಅಷ್ಟಕ್ಕಷ್ಟೇ. ಹಾಗಿದ್ದೂ ನಮ್ಮ ಮನೆ ಈಗಲ್ಸ್ ಅಡ್ಡೆ ಹೇಗಾಯಿತು ಅಂದರೆ, ಬೇಸ್‌ಮೆಂಟ್ ದೊಡ್ಡದಿತ್ತು, ನಾನು ಅಡುಗೆ ಜಾಸ್ತಿ ಮಾಡ್ತೀನಿ, ಅಷ್ಟೇ. ಮೂರು ಕನ್ನಡದ ಮನೆಯವರು, ಇಬ್ಬರು ಮೂವರು ಅಕ್ಕಪಕ್ಕದವರು, ಒಂದಿಬ್ಬರು ಲ್ಯಾಬಿನವರು. ಇಷ್ಟು ಜನ ಭಾನುವಾರ ಭಾನುವಾರ ಸೇರಿ ಕಿತ್ತಾಡಿಕೊಳ್ಳದೆ ಮನೆಗೆ ಹೋಗುವಂತೆ ನೋಡಿಕೊಳ್ಳುವುದು ನನ್ನ ಕೆಲಸವಾಯಿತು. ಎರಡು ಸೀಸನ್‌ನಲ್ಲಿ ನಾನು ಕಲಿತಿದ್ದು, ಎಡವಿದ್ದು ಎರಡನ್ನೂ ಹೇಳುತ್ತೇನೆ.

ಮೊದಲು ಆಟವನ್ನೇ ತಪ್ಪು ನೋಡುತ್ತಿದ್ದೆ. ಕಬಡ್ಡಿಯ ಕಣ್ಣಿಗೆ ಬಾರ್ಕ್ಲಿಯಂಥ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನು, ರೈಡರ್ ಇದ್ದ ಹಾಗೆ ಕಾಣುತ್ತಾನೆ. ಒಬ್ಬನೇ ನುಗ್ಗುತ್ತಾನೆ, ಎಲ್ಲರೂ ಹಿಡಿಯಲು ಬರುತ್ತಾರೆ. ಓಡಿದರೆ ಶೂರ, ಬಿದ್ದರೆ ದಂಡ. ನಮ್ಮ ಮನೆಗೆ ಬರುವ ದಾವಣಗೆರೆಯ ಹುಡುಗನೂ ಹಾಗೇ ನೋಡುತ್ತಿದ್ದ. 2024ರ ಮಾರ್ಚ್‌ನಲ್ಲಿ ಈಗಲ್ಸ್‌ನವರು ಬಾರ್ಕ್ಲಿಯನ್ನು ನ್ಯೂಯಾರ್ಕ್ ಜೈಂಟ್ಸ್‌ನಿಂದ 3 ವರ್ಷಕ್ಕೆ 3.775 ಕೋಟಿ ಡಾಲರ್‌ಗೆ ತಂದರು. ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಾ ಫಾಲ್ಕನ್ಸ್ ವಿರುದ್ಧ ಮ್ಯಾಚ್ ಮುಗಿಸಿಬಿಡಬಹುದಾಗಿದ್ದ ಸುಲಭದ ಪಾಸನ್ನು ಅವನು ಕೈಚೆಲ್ಲಿದ. ನಾವು 22-21ರಲ್ಲಿ ಸೋತೆವು. "ಅಕ್ಕಾ, ಜೈಂಟ್ಸ್‌ನವರು ಸುಮ್ನೆ ಬಿಟ್ಟುಕೊಟ್ರಾ? ಬೇಡದ ಮಾಲು ನಮಗೆ ದಾಟಿಸಿದಾರೆ" ಅಂದ. ನಾನೂ ಹೌದು ಅಂದೆ.

ನನ್ನ ಕಣ್ಣು ತೆರೆಸಿದ್ದು ಲ್ಯಾಬಿನ ಆ ಸಹೋದ್ಯೋಗಿ. ಅವಳು ಸೌತ್ ಫಿಲಿಯಲ್ಲಿ ಹುಟ್ಟಿದವಳು. "ಚೆಂಡು ನೋಡಬೇಡ, ಮುಂದಿನ ಐದು ಜನರನ್ನು ನೋಡು" ಅಂದಳು. ಚೆಂಡು ಹಿಡಿದವನಿಗೆ ದಾರಿ ಬಿಡಿಸುವವರು ಆಫೆನ್ಸಿವ್ ಲೈನಿನ ಐದು ಜನ. ಆಸ್ಟ್ರೇಲಿಯಾದಲ್ಲಿ ರಗ್ಬಿ ಆಡಿಕೊಂಡಿದ್ದ ಜೋರ್ಡನ್ ಮೈಲಾಟಾ ಎಡಕ್ಕೆ, ಲೇನ್ ಜಾನ್ಸನ್ ಬಲಕ್ಕೆ. ಅವರ ಹಿಂದೆ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಚೆಂಡನ್ನು ಬಾರ್ಕ್ಲಿಯ ಹೊಟ್ಟೆಗೆ ಇಟ್ಟ ಹಾಗೆ ಮಾಡುತ್ತಾನೆ. ಕೊಡುತ್ತಾನೋ, ತಾನೇ ಇಟ್ಟುಕೊಂಡು ಓಡುತ್ತಾನೋ ಎದುರಾಳಿಗೆ ಗೊತ್ತಾಗುವುದಿಲ್ಲ. ಅಂಚಿನಲ್ಲಿ ನಿಂತ ಡಿಫೆಂಡರ್ ಆ ಒಂದು ಕ್ಷಣ ಕಾಲು ನೆಟ್ಟು ನಿಲ್ಲುತ್ತಾನೆ. ಬಾರ್ಕ್ಲಿಗೆ ಅಷ್ಟು ಸಾಕು. ಹರ್ಟ್ಸ್ ಕಾಲಿನ ಹೆದರಿಕೆ ಇಲ್ಲದಿದ್ದರೆ ಆ ಕ್ಷಣವೂ ಇಲ್ಲ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ನಮ್ಮಮ್ಮ ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕ ಗೀಟು ಎಳೆದು ಬರೆಯುತ್ತಿದ್ದರಲ್ಲ, ಹಾಗೆ. ಪ್ರತಿ ಓಟಕ್ಕೆ ಮೂರೇ ಕಲಂ: ಎದುರು ಹತ್ತಿರದಲ್ಲಿ ಎಷ್ಟು ಜನ ನಿಂತಿದ್ದರು, ಯಾವ ಕಡೆ ಓಡಿದ, ಮೊದಲ ಕೈ ಮೈಗೆ ತಾಗುವ ಮುಂಚೆ ಎಷ್ಟು ಯಾರ್ಡ್ ಹೋಗಿದ್ದ. ಮೂರನೆಯದು ನನಗೆ ಸಲೀಸು. ಮುಟ್ಟಿದ್ದು ಎಲ್ಲಿ ಅಂತ ನೋಡುವುದು ಕಬಡ್ಡಿಯವರಿಗೆ ರಕ್ತದಲ್ಲೇ ಇರುತ್ತದೆ. ಕಷ್ಟ ಮೊದಲನೆಯದು. ಚೆಂಡು ಕದಲುವ ಮುಂಚೆ ಆರು ಜನವೋ ಏಳೋ ಎಂಟೋ ಎಣಿಸಬೇಕು. ಒಬ್ಬ ಕೊನೆ ಗಳಿಗೆಯಲ್ಲಿ ಒಳಗೆ ಬಂದು ಲೆಕ್ಕ ಕೆಡಿಸುತ್ತಾನೆ.

ಇದರಿಂದ ಒಂದು ಲಾಭವಾಯಿತು. "ಅವನು ಮುಗಿದ", "ಕೋಚ್ ದಡ್ಡ" ಅಂತ ಯಾರಾದರೂ ಶುರು ಮಾಡಿದರೆ "ಯಾವ ಓಟ ಹೇಳಿ, ತೆಗೆದು ನೋಡೋಣ" ಅನ್ನಬಹುದಿತ್ತು. ರಿಮೋಟ್ ನನ್ನ ಕೈಯಲ್ಲೇ ಇತ್ತಲ್ಲ. ತೆಗೆದು ನೋಡಿದ ಮೇಲೂ ಜಗಳ ಇರುತ್ತಿತ್ತು, ಆದರೆ ಟೀವಿಯಲ್ಲಿ ಕಾಣುವ ವಸ್ತುವಿನ ಬಗ್ಗೆ ಇರುತ್ತಿತ್ತು.

ನವೆಂಬರ್ 5ರಂದು ಟ್ರಂಪ್ ಪೆನ್ಸಿಲ್ವೇನಿಯಾ ಗೆದ್ದರು, ದೇಶವನ್ನೂ ಗೆದ್ದರು. 10ಕ್ಕೆ ಡಲ್ಲಾಸ್ ಕೌಬಾಯ್ಸ್ ಜೊತೆ ಮ್ಯಾಚ್. ಸಹೋದ್ಯೋಗಿ ಬರುತ್ತಾಳೋ ಇಲ್ಲವೋ ಅಂತ ನನಗೆ ಅನುಮಾನ. ಬಂದಳು. ಪಕ್ಕದ ಮನೆಯವರು ಟೋಪಿ ಇಲ್ಲದೆ ಬಂದರು. ಅವರ ತಲೆ ಬೋಳು ಅಂತ ನಮಗೆಲ್ಲ ಗೊತ್ತಾಗಿದ್ದು ಅವತ್ತೇ. 34-6ರಲ್ಲಿ ಗೆದ್ದೆವು, ಯಾರೂ ಜಾಸ್ತಿ ಮಾತಾಡಲಿಲ್ಲ. ಅವತ್ತು ರಾತ್ರಿ ಪಾತ್ರೆ ತೊಳೆಯುತ್ತಾ ನಿಯಮ ಮಾಡಿದೆ: ರಾಜಕೀಯ ಹಾಫ್‌ಟೈಮ್‌ನಲ್ಲಿ ಮಾತ್ರ, ಅದೂ ಮೇಲಿನ ಅಡುಗೆಮನೆಯಲ್ಲಿ, ನಿಂತುಕೊಂಡು. ಕೂತರೆ ಮಾತು ಮುಗಿಯುವುದಿಲ್ಲ. ನಿಂತವರಿಗೆ ಪ್ಲೇಟೂ ಹಿಡಿಯಬೇಕು, ಬಿಸಿ ಮಿರ್ಚಿಯೂ ಕಚ್ಚಬೇಕು. ಹದಿಮೂರು ನಿಮಿಷದಲ್ಲಿ ಎಷ್ಟು ಅಂತ ಜಗಳ ಆಡ್ತಾರೆ? ಒಂದು ವಿಚಿತ್ರ ಹೇಳಬೇಕು. ಅಡುಗೆಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವ ನಮ್ಮ ಕನ್ನಡದವರು. ವೋಟು ಹಾಕುವ ಹಕ್ಕು ಇದ್ದವರು ಸುಮ್ಮನೆ ಚಟ್ನಿ ಬಡಿಸಿಕೊಳ್ಳುತ್ತಿದ್ದರು.

ಆ ಸೀಸನ್ ಬಗ್ಗೆ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಲಾಸ್ ಏಂಜಲಿಸ್ ರ‍್ಯಾಮ್ಸ್ ವಿರುದ್ಧ ಒಂದೇ ರಾತ್ರಿ 255 ಯಾರ್ಡ್. ಡಿಸೆಂಬರ್‌ನಲ್ಲಿ ಗೆದ್ದ ಮೇಲೂ ಆಫೆನ್ಸ್‌ನಲ್ಲಿ (ಚೆಂಡು ನಮ್ಮ ಕೈಯಲ್ಲಿರುವಾಗಿನ ಆಟದಲ್ಲಿ) ಏನು ಸುಧಾರಿಸಬೇಕು ಅಂತ ಕೇಳಿದವರಿಗೆ, ಎಸೆದ ಚೆಂಡು ಹಿಡಿಯುವ ರಿಸೀವರ್ ಎ.ಜೆ. ಬ್ರೌನ್ "ಪಾಸಿಂಗ್" ಅಂತ ಒಂದೇ ಮಾತಿನ ಉತ್ತರ ಕೊಟ್ಟ. ನಮ್ಮ ಮನೆಯಲ್ಲಿ ಎರಡು ವಾರ ಅದೇ ಚರ್ಚೆ: ಓಟದಿಂದಲೇ ಗೆಲ್ಲುತ್ತಿರುವಾಗ ಚೆಂಡು ಎಸೆಯಬೇಕಾ? ಎಲ್ಲಕ್ಕಿಂತ ದೊಡ್ಡ ಜಗಳ ಲೀಗ್‌ನ ಕೊನೇ ಮ್ಯಾಚಿನದು. ಆ ಸೀಸನ್‌ನಲ್ಲಿ ಬಾರ್ಕ್ಲಿ ಅದುವರೆಗೆ 2,005 ಯಾರ್ಡ್ ಓಡಿದ್ದ. 1984ರಲ್ಲಿ ಎರಿಕ್ ಡಿಕರ್ಸನ್ ಮಾಡಿದ ಒಂದೇ ಸೀಸನ್‌ನ 2,105ರ ದಾಖಲೆ ಮುರಿಯಲು 101 ಬೇಕು. ಎದುರಾಳಿ ಅವನ ಹಳೇ ಟೀಮ್ ಜೈಂಟ್ಸ್. ಕೋಚ್ ನಿಕ್ ಸಿರಿಯಾನಿ ಅವನನ್ನು ಆಡಿಸಲೇ ಇಲ್ಲ, ಪ್ಲೇಆಫ್‌ಗೆ ಉಳಿಸಿಕೊಂಡರು. ದಾವಣಗೆರೆಯವನು ಅಳುವುದೊಂದು ಬಾಕಿ. "ಸಚಿನ್‌ಗೆ ನೂರನೇ ಸೆಂಚುರಿ ಬಿಟ್ಟು ರೆಸ್ಟ್ ತಗೋ ಅಂತಿದ್ರಾ ಅಕ್ಕಾ?" ಬಸ್ ಡ್ರೈವರ್ ಮಾತ್ರ ಕೋಚ್ ಮಾಡಿದ್ದೇ ಸರಿ ಅಂದರು, ಮಂಡಿ ನೋವಿನ ಬಗ್ಗೆ ಅವರಿಗೆ ಗೊತ್ತಿತ್ತು. 2025ರ ಜನವರಿಯಲ್ಲಿ ಹಿಮ ಸುರಿಯುವಾಗ ಅದೇ ರ‍್ಯಾಮ್ಸ್ ವಿರುದ್ಧ ಬಾರ್ಕ್ಲಿ 205 ಯಾರ್ಡ್ ಓಡಿದ ಮೇಲೆ ಆ ಚರ್ಚೆ ತಾನಾಗಿ ನಿಂತಿತು. ಫೆಬ್ರವರಿ 9, ಅವನ ಹುಟ್ಟಿದ ದಿನ, ಸೂಪರ್ ಬೌಲ್ ಅನ್ನುವ ಫೈನಲ್‌ನಲ್ಲಿ ಕ್ಯಾನ್ಸಸ್ ಸಿಟಿಯನ್ನು 40-22ರಲ್ಲಿ ಸೋಲಿಸಿದೆವು. ಅದೇ ವರ್ಷ ಜೂನ್‌ನಲ್ಲಿ ಆರ್‌ಸಿಬಿಯೂ ಕಪ್ ಗೆದ್ದಿತು. ಒಂದೇ ಜನ್ಮದಲ್ಲಿ ಇನ್ನೇನು ಬೇಕು.

ಆದರೆ ಏಪ್ರಿಲ್‌ನಲ್ಲಿ ನನ್ನ ನಿಯಮ ಮುರಿದುಬಿತ್ತು. ಮುರಿದವಳು ನಾನೇ.

ಏಪ್ರಿಲ್ 27ಕ್ಕೆ ಬಾರ್ಕ್ಲಿ ಟ್ರಂಪ್ ಜೊತೆ ನ್ಯೂಜೆರ್ಸಿಯಲ್ಲಿ ಗಾಲ್ಫ್ ಆಡಿ, ಅವರ ವಿಮಾನದಲ್ಲೇ ವಾಷಿಂಗ್ಟನ್‌ಗೆ ಹೋದ. ಮಾರನೇ ದಿನ ಟೀಮ್ ವೈಟ್ ಹೌಸ್‌ಗೆ ಹೋಯಿತು. ಹರ್ಟ್ಸ್ ಸೇರಿ ಕೆಲವರು ಹೋಗಲಿಲ್ಲ, ಸಮಯ ಹೊಂದಲಿಲ್ಲ ಅಂದರು. ಫಿಲಡೆಲ್ಫಿಯಾದವರಿಗೆ ಇದು ಹಳೇ ಗಾಯ. 2018ರಲ್ಲಿ ಇದೇ ಟೀಮಿಗೆ ಕೊಟ್ಟ ಆಹ್ವಾನವನ್ನು ಟ್ರಂಪ್ ರಾಷ್ಟ್ರಗೀತೆಯ ಮಾತೆತ್ತಿ ರದ್ದು ಮಾಡಿದ್ದರು. ಆ ಹಿಂದಿನ ಸೀಸನ್‌ನ ಲೀಗ್ ಮ್ಯಾಚುಗಳಲ್ಲಿ ಪ್ರತಿಭಟನೆಯಾಗಿ ಗೀತೆಯ ವೇಳೆ ಮಂಡಿಯೂರಿದ ಈಗಲ್ಸ್ ಆಟಗಾರ ಒಬ್ಬನೂ ಇರಲಿಲ್ಲ. ಬೈಗುಳ ಬಂದಾಗ ಬಾರ್ಕ್ಲಿ, ತಾನು ಗೌರವ ಕೊಡುವುದು ಆ ಹುದ್ದೆಗೆ, ಸ್ವಲ್ಪ ದಿನದ ಹಿಂದೆ ಒಬಾಮಾ ಜೊತೆಗೂ ಗಾಲ್ಫ್ ಆಡಿದ್ದೆ ಅಂತ ಬರೆದ.

ಆ ಶನಿವಾರ ನಮ್ಮಲ್ಲಿ ಸುಮ್ಮನೆ ಊಟಕ್ಕೆ ಸೇರಿದ್ದೆವು. ಮ್ಯಾಚ್ ಇಲ್ಲ, ಹಾಗಾಗಿ ಹಾಫ್‌ಟೈಮೂ ಇಲ್ಲ. ನಾನು ಬಾರ್ಕ್ಲಿಯ 26ನೇ ನಂಬರಿನ ಜರ್ಸಿಯನ್ನು ಮಡಚಿ ಕೊಟ್ಟುಬಿಡುವ ಬಟ್ಟೆಯ ಚೀಲಕ್ಕೆ ಹಾಕಿದ್ದೆ. ಹಾಕಿದ್ದಷ್ಟೇ ಅಲ್ಲ, ಎಲ್ಲರಿಗೂ ಕಾಣುವ ಹಾಗೆ ಬಾಗಿಲ ಹತ್ತಿರ ಇಟ್ಟಿದ್ದೆ. ಬಸ್ ಡ್ರೈವರ್ ನೋಡಿದರು. "ನಾನು ಯಾರಿಗೆ ವೋಟು ಹಾಕಿದೆ ಅಂತ ನಿನಗೆ ಗೊತ್ತು. ನನಗೂ ಒಂದು ಚೀಲ ಇಟ್ಟಿದೀಯಾ?" ಅಂದರು. ಕೋಪದಲ್ಲಿ ಹೇಳಲಿಲ್ಲ, ಅದೇ ಜಾಸ್ತಿ ಚುಚ್ಚಿತು. ನಾನು ಏನೋ ವಾದ ಮಾಡಿದೆ. ಸಹೋದ್ಯೋಗಿ ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡರೆ, ಅವಳೂ "ಅವನ ಓಟಕ್ಕೆ ತಾನೇ ನೀನು ಆ ಜರ್ಸಿ ತಗೊಂಡಿದ್ದು" ಅಂದಳು. ಪಕ್ಕದ ಮನೆಯವರು ಪಾಯಸ ತಿನ್ನದೆ ಹೋದರು.

ಮಾರನೇ ದಿನ ಪಾಯಸದ ಡಬ್ಬಿ ಹಿಡಿದುಕೊಂಡು ಅವರ ಮನೆ ಬಾಗಿಲಿಗೆ ಹೋದೆ. ಕ್ಷಮೆ ಕೇಳಲು ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ಗಾಲ್ಫ್ ಬಗ್ಗೆ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಚೀಲ ಬಾಗಿಲಲ್ಲಿ ಇಟ್ಟಿದ್ದು ತಪ್ಪು ಅಂತ ಮಾತ್ರ ಹೇಳಿದೆ. ಅವರು ಡಬ್ಬಿ ಇಸಕೊಂಡರು. ಮೂರು ವಾರ ಆದ ಮೇಲೆ ಡಬ್ಬಿ ವಾಪಸ್ ಬಂತು, ಒಳಗೆ ಪ್ರೆಟ್ಜೆಲ್ ಇತ್ತು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅವರಿಗೆ ಯಾರು ಹೇಳಿಕೊಟ್ಟರೋ. ಜರ್ಸಿ ಚೀಲದಿಂದ ಕಪಾಟಿಗೆ ಬಂತು, ಮೈಮೇಲೆ ಬರಲಿಲ್ಲ. ಜುಲೈ ಕೊನೆಗೆ ಟ್ರಂಪ್ ತಮ್ಮ ಕ್ರೀಡಾ ಮಂಡಳಿಗೆ ಬಾರ್ಕ್ಲಿ ಹೆಸರನ್ನೂ ಸೇರಿಸಿದ್ದಾರೆ ಅಂತ ಸುದ್ದಿ ಬಂತು. ತಾನು ಮೊದಲೇ ಬೇಡ ಅಂದಿದ್ದೆ ಅಂತ ಅವನು ಹೇಳಿದ. ಈ ಸಲ ಪಕ್ಕದ ಮನೆಯವರಿಗೆ ಬೇಜಾರಾಯಿತು. ನಾನು ತುಟಿ ಬಿಚ್ಚಲಿಲ್ಲ.

2025ರ ಸೀಸನ್‌ಗೆ ನಿಯಮ ಸ್ವಲ್ಪ ಬದಲಾಯಿಸಿದೆ. ಆಟಗಾರನ ಆಟ ಕೆಟ್ಟರೆ ಅವನ ರಾಜಕೀಯ ತರುವಂತಿಲ್ಲ, ಹಾಫ್‌ಟೈಮ್‌ನಲ್ಲೂ. ಬೇಕಾಗಿಯೇ ಬಂತು ಅದು. ಮೊದಲ ನಾಲ್ಕೂ ಮ್ಯಾಚ್ ಗೆದ್ದರೂ ಬಾರ್ಕ್ಲಿ ಒಂದರಲ್ಲೂ 100 ಯಾರ್ಡ್ ಮುಟ್ಟಲಿಲ್ಲ. "ಗಾಲ್ಫ್ ಆಡಿ ಸೊಂಟ ಹಿಡಿದಿರಬೇಕು" ಅಂತ ಒಬ್ಬರು ಅಂದರು. ನೋಟ್‌ಬುಕ್ ತೆಗೆದೆ. ಹಿಂದಿನ ವರ್ಷದ ಪುಟಗಳಲ್ಲಿ ಮೂರನೇ ಕಲಂನಲ್ಲಿ 3, 4, 6 ಇದ್ದ ಕಡೆ ಈಗ 0, 1, 0. ಅಂದರೆ ಅವನು ಓಡಲು ಶುರು ಮಾಡುವ ಮುಂಚೆಯೇ ಯಾರೋ ಒಬ್ಬರ ಕೈ ಮೈಮೇಲೆ. ಲೈನಿನವರಿಗೆ ಗಾಯದ ಮೇಲೆ ಗಾಯ, ನವೆಂಬರ್‌ನಲ್ಲಿ ಲೇನ್ ಜಾನ್ಸನ್ ಪಾದವೂ ಹೋಯಿತು. ಹರ್ಟ್ಸ್ ತಾನೇ ಇಟ್ಟುಕೊಂಡು ಓಡುವುದು ಕಡಿಮೆಯಾಗಿತ್ತು, ಅಂಚಿನ ಡಿಫೆಂಡರ್ ಕಾಲು ನೆಟ್ಟು ನಿಲ್ಲುವ ಗೋಜಿಗೇ ಹೋಗುತ್ತಿರಲಿಲ್ಲ.

ಹಾಗಂತ ಎಲ್ಲ ತಪ್ಪೂ ಬೇರೆಯವರದೇ ಅಂತ ನಾನು ಹೇಳಲ್ಲ. ದಾರಿ ಬಿಟ್ಟಿದ್ದ ಕೆಲವು ಕಡೆ ಬಾರ್ಕ್ಲಿ ದೊಡ್ಡ ಓಟಕ್ಕೆ ಆಸೆಪಟ್ಟು ಹೊರಗೆ ತಿರುಗಿ, ಸಿಗುತ್ತಿದ್ದ ಮೂರು ಯಾರ್ಡನ್ನೂ ಕಳೆದುಕೊಂಡ. ಅದೂ ನೋಟ್‌ಬುಕ್ಕಿನಲ್ಲಿ ಇದೆ.

ಊರಿಗೆ ಊರೇ ಮಾತ್ರ ಬೈಯಲು ಒಬ್ಬನನ್ನು ಹುಡುಕಿಕೊಂಡಿತ್ತು. ಆಫೆನ್ಸ್‌ನ ಯೋಜನೆ ಹಾಕುವ ಹೊಸ ಆಫೆನ್ಸಿವ್ ಕೋಆರ್ಡಿನೇಟರ್ ಕೆವಿನ್ ಪಟುಲೊ. ನವೆಂಬರ್ 28ಕ್ಕೆ ಶಿಕಾಗೊ ಬೇರ್ಸ್ ವಿರುದ್ಧ 24-15ರಲ್ಲಿ ಸೋತ ರಾತ್ರಿ ಯಾರೋ ಅವರ ಮನೆಗೆ ಮೊಟ್ಟೆ ಎಸೆದರು. ಮನೆಗೆ, ರೀ. ಹೆಂಡತಿ ಮಕ್ಕಳು ಇರುವ ಮನೆಗೆ. ಮುಂದಿನ ಸಲ ಸೇರಿದಾಗ ದಾವಣಗೆರೆಯವನು ನಗುತ್ತಾ ಆ ವಿಡಿಯೊ ತೋರಿಸಲು ಬಂದ. ಬಸ್ ಡ್ರೈವರೂ ಸಹೋದ್ಯೋಗಿಯೂ ಒಟ್ಟಿಗೆ "ಫೋನ್ ಒಳಗಿಡು" ಅಂದರು. ಆ ಇಬ್ಬರು ಒಂದೇ ಮಾತನ್ನು ಒಂದೇ ಸಲ ಹೇಳಿದ್ದು ನಾನು ಅದುವರೆಗೆ ಕೇಳಿರಲಿಲ್ಲ.

2026ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ 23-19ರಲ್ಲಿ ಸೋತು ಸೀಸನ್ ಮುಗಿಯಿತು. ಕೊನೇ ನಿಮಿಷದ ನಾಲ್ಕನೇ ಡೌನ್, ಅಂದರೆ ಕೊನೆಯ ಅವಕಾಶದ, ಪಾಸ್ ನೆಲಕ್ಕೆ ಬಿತ್ತು. ಅವತ್ತು ಕಪಾಟಿನಿಂದ 26ನೇ ನಂಬರ್ ತೆಗೆದು ಹಾಕಿಕೊಂಡಿದ್ದೆ. ಯಾರೂ ಏನೂ ಅನ್ನಲಿಲ್ಲ. ಕನ್ನಡದವರು ನಾಳೆ ಆಫೀಸಿದೆ ಅಂತ ಬೇಗ ಹೊರಟರು. ಉಳಿದಿದ್ದು ಬಸ್ ಡ್ರೈವರೂ ಸಹೋದ್ಯೋಗಿಯೂ ಇಬ್ಬರೇ. ಎರಡನೇ ಹಾಫಿನ ಒಂದು ಓಟದಲ್ಲಿ ಎದುರು ಏಳು ಜನ ಇದ್ದರೋ ಎಂಟೋ ಅನ್ನುವುದರ ಮೇಲೆ ಬಿದ್ದಿದ್ದರು. ನಾನು ಏಳು ಅಂತ ಬರೆದಿದ್ದೆ, ಅವಳು ಎಂಟು ಅಂತಿದ್ದಳು. ಅವರು ಕನ್ನಡಕ ಹಣೆಗೇರಿಸಿ, ಟೀವಿ ಹತ್ತಿರ ಹೋಗಿ, ಬೆರಳಿಟ್ಟು ಎಣಿಸುತ್ತಿದ್ದರು. ನಾನು ಪಾತ್ರೆ ತೊಳೆಯಲು ಮೇಲೆ ಬಂದೆ.

"ಇನ್ನೂ ಮ್ಯಾಚ್ ಮುಗಿದಿಲ್ವಾ?" ಅಂತ ನನ್ನವರು ಕೇಳಿದರು.

"ಮುಗಿದು ಒಂದೂವರೆ ಗಂಟೆ ಆಯ್ತು" ಅಂದೆ. "ಇನ್ನೆರಡು ಲೋಟ ಕಾಫಿ ಇಡಿ."