ರೊಟ್ಟಿ ಬುತ್ತಿ ಕಟ್ಟಿಕೊಂಡು ಸ್ವಿಟ್ಜರ್ಲೆಂಡಿಗೆ: ಎರಡನೇ ಸಲ ಲೆಕ್ಕ ಕೂಡಿತು

“ಏನೋ ತಮ್ಮಾ, ಸ್ವಿಟ್ಜರ್ಲೆಂಡಿಗೆ ರೊಟ್ಟಿ ಬುತ್ತಿ ಕಟಗೊಂಡು ಹೊಂಟೀಯಂತಲ್ಲ? ಅದೇನು ಯಲ್ಲಮ್ಮನ ಜಾತ್ರಿ ಅಂತ ತಿಳದೀಯೇನು?”

ಕಾಕಾ ಹೀಗಂದದ್ದು ಹುಬ್ಬಳ್ಳಿಯ ನಮ್ಮ ಮನೆ ಪಡಸಾಲೆಯಲ್ಲಿ, ಬೀಗರೆಲ್ಲ ಕೂತಿದ್ದಾಗ. ಎಲ್ಲರೂ ನಕ್ಕರು. ಅವರದೂ ತಪ್ಪಿಲ್ಲ ಬಿಡಿ. 2018ರಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ ಹೋಗಿ ಎಂಟು ದಿನಕ್ಕೆ ನಾಲ್ಕೂವರೆ ಲಕ್ಷ ಸುರಿದು ಬಂದದ್ದು ಇಡೀ ಬಳಗಕ್ಕೆ ಗೊತ್ತು. ಆಗ ಫ್ರಾಂಕಿಗೆ ಎಪ್ಪತ್ತು ರೂಪಾಯಿ ಆಸುಪಾಸು. 2024ರ ಸೆಪ್ಟೆಂಬರಿನಲ್ಲಿ ಅದೇ ಫ್ರಾಂಕ್ ತೊಂಬತ್ತೆಂಟಕ್ಕೆ ಹೋಗಿತ್ತು. ಈ ಸಲ ನಾವು ನಾಲ್ಕು ಜನ: ನಾನು, ಹೆಂಡತಿ, ಹದಿನಾಲ್ಕರ ಮಗಳು, ಅರವತ್ತೆಂಟರ ಅವ್ವ. ಹತ್ತು ದಿನ. ಖರ್ಚು ಹೆಚ್ಚುಕಡಿಮೆ ಆರು ಲಕ್ಷ ಇಪ್ಪತ್ತು ಸಾವಿರ. ಇಷ್ಟೇ ಜನಕ್ಕೆ ಏಜೆಂಟೊಬ್ಬರು ಏಳು ರಾತ್ರಿಗೆ ಹೇಳಿದ ರೇಟು ತಲೆಗೆ ಎರಡು ಲಕ್ಷ ಎಪ್ಪತ್ತು ಸಾವಿರ, ಅದರ ಮೇಲೆ ಟಿಸಿಎಸ್ (ಪ್ಯಾಕೇಜ್ ಮಾರುವಾಗಲೇ ಏಜೆಂಟರು ಹಿಡಿದು ಸರಕಾರಕ್ಕೆ ಕಟ್ಟುವ ತೆರಿಗೆ) ಬೇರೆ. ಟಿಸಿಎಸ್ ರಿಟರ್ನ್ಸ್ ಹಾಕಿದಾಗ ವಾಪಸ್ ಬರುತ್ತದೆ ಅನ್ನುವುದು ನಿಜ. ಆದರೆ ಅಲ್ಲಿಯವರೆಗೆ ನಮ್ಮ ರೊಕ್ಕ ಸರಕಾರದ ಕಿಸೆಯಲ್ಲಿ.

ವೀಸಾ ಕಾಗದ, ಕವರ್ ಲೆಟರ್, ಇನ್ಶೂರೆನ್ಸ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಷೆಂಗೆನ್ ವೀಸಾದ (ಯುರೋಪಿನ ಬಹಳ ದೇಶಗಳಿಗೆ ಸಲ್ಲುವ ಒಂದೇ ವೀಸಾ) ಫೀ ಆ ಜೂನ್‌ನಲ್ಲೇ ಎಂಬತ್ತರಿಂದ ತೊಂಬತ್ತು ಯೂರೋಗೆ ಏರಿತ್ತು. ಮೂರು ತಿಂಗಳು ತಡಮಾಡಿದ್ದಕ್ಕೆ ನಾಲ್ಕು ಜನರ ಮೇಲೆ ಮೂರೂವರೆ ಸಾವಿರ ದಂಡ ಅಂತ ಬರೆದುಕೊಂಡೆ.

ಮೊದಲನೇ ಸಲ ಎಲ್ಲೆಲ್ಲಿ ಕೈ ಸುಟ್ಟುಕೊಂಡೆ ಅಂತ ಹೇಳದಿದ್ದರೆ ಎರಡನೇ ಸಲದ ಲೆಕ್ಕ ತಿಳಿಯುವುದಿಲ್ಲ. ಪ್ರವಾಸಿಗರೇ ತುಂಬಿದ ಊರು ಇಂಟರ್‌ಲಾಕೆನ್, ಅದರ ಸ್ಟೇಷನ್ ಎದುರಿಗೇ ಹೋಟೆಲು, ರಾತ್ರಿಗೆ ನೂರೆಂಬತ್ತು ಫ್ರಾಂಕ್. ಇಬ್ಬರು ಒಂದು ಹೊತ್ತು ಕೂತು ಉಂಡರೆ ಅರವತ್ತು. ನಲ್ಲಿಯ ನೀರು, ಊರ ನಡುವಿನ ಹೆಚ್ಚಿನ ಕಾರಂಜಿಗಳ ನೀರು ಕುಡಿಯಬಹುದು ಅಂತ ಗೊತ್ತಿಲ್ಲದೆ ಬಾಟಲಿಗೆ ನಾಲ್ಕು ಫ್ರಾಂಕ್ ಕೊಡುತ್ತ ಹೋದೆವು. ಎಲ್ಲರೂ ಹೇಳುತ್ತಾರೆ ಅಂತ ರೈಲು, ಬಸ್ಸು, ದೋಣಿಗೆಲ್ಲ ನಡೆಯುವ ಎಂಟು ದಿನದ ಟ್ರಾವೆಲ್ ಪಾಸ್ ಕೊಂಡೆ, ತಲೆಗೆ ನಾನೂರರ ಸುತ್ತ. ಅದರಲ್ಲಿ ನಿಜವಾಗಿ ದೂರ ಓಡಾಡಿದ್ದು ನಾಲ್ಕೇ ದಿನ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಯುಂಗ್‌ಫ್ರಾವ್‌ಯೋಖ್, ರೈಲಿನಲ್ಲೇ ಹತ್ತಿ ಹೋಗುವ ಮಂಜಿನ ಬೆಟ್ಟದ ತಾಣ. ಟಿಕೆಟ್ಟನ್ನು ಊರಲ್ಲೇ ಕೂತು ತಾರೀಖು ಹಾಕಿ ತೆಗೆದಿದ್ದೆ, ಆ ಪಾಸಿನ ಮೇಲೆ ಬರೀ ಕಾಲು ಭಾಗ ರಿಯಾಯಿತಿ. 3,454 ಮೀಟರ್ ಎತ್ತರಕ್ಕೆ ಹೋಗಿ ನೋಡಿದ್ದೇನು? ಸುಣ್ಣ ಬಳಿದ ಗೋಡೆ. ಮೋಡ, ಬರೀ ಮೋಡ. ಪಕ್ಕದಲ್ಲಿ ನಿಂತ ಹೆಂಡತಿಯ ಶಾಲು ಯಾವ ಬಣ್ಣ ಅಂತ ಸಹ ಕಾಣಲಿಲ್ಲ. ಇಳಿಯುವಾಗ ಆಕೆ ಒಂದೂ ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಈ ಸಲ ಮೊದಲು ಬದಲಿಸಿದ್ದು ಮನೆ. ಹೋಟೆಲ್ ಬೇಡ, ಅಡುಗೆಮನೆ ಇರುವ ಜಾಗ ಬೇಕು, ಅದೂ ಇಂಟರ್‌ಲಾಕೆನ್ ಬಿಟ್ಟು. ಬ್ರಿಯೆನ್ಜ್ ಸರೋವರದ ದಂಡೆಯ ಒಂದು ಸಣ್ಣ ಹಳ್ಳಿ ಸಿಕ್ಕಿತು, ಸ್ಟೇಷನ್ ನಾಲ್ಕು ನಿಮಿಷದ ನಡಿಗೆ. ಊರ ಹೆಸರು ಹೇಳುವುದಿಲ್ಲ, ಮುಂದಿನ ಸಲ ನನಗೇ ಬೇಕು. ಆ ಮನೆಯನ್ನು ಹುಡುಕಿದ ರೀತಿಯನ್ನೂ ಹೇಳುವುದಿಲ್ಲ. ಬುಕಿಂಗ್ ಆ್ಯಪ್‌ಗಳಲ್ಲಿ ಅದು ಇರಲಿಲ್ಲ ಅನ್ನುವಷ್ಟು ಸಾಕು. ರಾತ್ರಿಗೆ ನೂರೈವತ್ತೈದು. ಇಲ್ಲಿ ಎಡವುವವರು ಬಹಳ: ಬಾಡಿಗೆ ಜೊತೆ ಕೊನೆಯ ದಿನದ ಕ್ಲೀನಿಂಗ್ ಫೀ ಬೇರೆ, ತಲೆಗೆ ಇಷ್ಟು ರಾತ್ರಿಗೆ ಇಷ್ಟು ಅಂತ ಟೂರಿಸ್ಟ್ ಟ್ಯಾಕ್ಸ್ ಬೇರೆ. ಒಂಬತ್ತು ರಾತ್ರಿಗೆ ಎಲ್ಲ ಸೇರಿ ಸಾವಿರದಾರುನೂರು ಫ್ರಾಂಕ್ ಆಯಿತು. ಟೂರಿಸ್ಟ್ ಟ್ಯಾಕ್ಸ್ ಕಟ್ಟಿದ್ದಕ್ಕೆ ಕೈಗೆ ಬರುವ ಗೆಸ್ಟ್ ಕಾರ್ಡನ್ನು ಕೇಳಿ ಇಸಿದುಕೊಳ್ಳಿ, ಹತ್ತಿರದ ಬಸ್ಸುಗಳಿಗೆ ಅದೇ ಟಿಕೆಟ್ಟು.

ಈಗ ರೊಟ್ಟಿ. ಖಡಕ್ ಜೋಳದ ರೊಟ್ಟಿ ತಿಂಗಳು ಇಟ್ಟರೂ ಕೆಡುವುದಿಲ್ಲ, ತೂಕವೂ ಇಲ್ಲ. ತೊಂದರೆ ಒಂದೇ, ಪುಡಿಯಾಗುವುದು. ಹೋಗುವ ತಿಂಗಳ ಮುಂಚೆ ಒಂದು ಪ್ರಯೋಗ ಮಾಡಿದೆ. ಇಪ್ಪತ್ತು ರೊಟ್ಟಿಯನ್ನು ಬಟ್ಟೆಯ ನಡುವೆ ಸೂಟ್‌ಕೇಸಿಗೆ ಹಾಕಿ, ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬಂದು, ಮನೆ ಮೆಟ್ಟಿಲ ಮೇಲಿಂದ ಆ ಸೂಟ್‌ಕೇಸನ್ನು ಎರಡು ಸಲ ಉರುಳಿಸಿದೆ. ಹದಿನೇಳು ಚೂರು ಚೂರು. ಓಣಿಯವರು ಗಂಡ ಹೆಂಡತಿ ಜಗಳ ಅಂತ ತಿಳಿದರು. ಎರಡನೇ ಪ್ರಯೋಗ ಸ್ಟೀಲ್ ಡಬ್ಬಿಯಲ್ಲಿ, ಆರು ಮುರಿದವು. ಮೂರನೆಯದರಲ್ಲಿ ಒಂದೂ ಮುರಿಯಲಿಲ್ಲ. ಆ ಕಟ್ಟುವ ರೀತಿ ನನ್ನ ಹೆಂಡತಿಯದು, ಆಕೆಯ ಅಪ್ಪಣೆ ಇಲ್ಲದೆ ಬರೆಯುವ ಹಾಗಿಲ್ಲ. ಒಟ್ಟು ಎಂಬತ್ತು ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ.

ಅವ್ವ ತುಪ್ಪದ ಬಾಟಲಿಯನ್ನೂ ತುರುಕಿದ್ದಳು. ತೆಗೆಸಿದೆ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ನಮ್ಮ ಕಡೆಯಿಂದ ಒಳಗೆ ಬಿಡುವುದಿಲ್ಲ. “ತುಪ್ಪಿಲ್ದ ಅನ್ನ ಹೆಂಗ ಇಳೀತದೋ?” ಅಂತ ಬೆಂಗಳೂರು ಏರ್‌ಪೋರ್ಟ್ ಮುಟ್ಟುವವರೆಗೂ ಆಕೆಯ ತಕರಾರು.

ಮುಟ್ಟಿದ್ದು ಶನಿವಾರ ಸಂಜೆ. ಇದು ನನ್ನ ಶುದ್ಧ ದಡ್ಡತನ. ಹಳ್ಳಿಯ ಅಂಗಡಿ ಆಗಲೇ ಮುಚ್ಚಿತ್ತು, ಭಾನುವಾರ ದೇಶಕ್ಕೆ ದೇಶವೇ ಬಾಗಿಲು ಹಾಕುತ್ತದೆ, ದೊಡ್ಡ ಸ್ಟೇಷನ್ನಿನಂಥ ಕೆಲವು ಕಡೆಯ ಅಂಗಡಿ ಬಿಟ್ಟರೆ. ಆ ರಾತ್ರಿ, ಮರುದಿನ ಮಧ್ಯಾಹ್ನ ಎರಡೂ ಹೊತ್ತು ರೊಟ್ಟಿ-ಚಟ್ನಿಯೇ ಗತಿ. ಕಾಕಾನ ಜಾತ್ರೆ ಬುತ್ತಿ ಅಲ್ಲೇ ಮೊದಲ ಸಲ ವಸೂಲಾಯಿತು.

ಅಡುಗೆಮನೆಯಲ್ಲಿ ಇನ್ನೆರಡು ಪೆಟ್ಟು. ಒಯ್ದ ಅಲ್ಯೂಮಿನಿಯಂ ಕುಕ್ಕರನ್ನು ಒಲೆ ಗುರುತೇ ಹಿಡಿಯಲಿಲ್ಲ, ಅದು ಇಂಡಕ್ಷನ್. ಹುಬ್ಬಳ್ಳಿಯ ದುರ್ಗದಬೈಲ ಪೇಟೆಯಲ್ಲಿ ‘ಯುರೋಪ್ ಪೂರ್ತಿ ನಡೀತದ’ ಅಂತ ಕೊಟ್ಟ ದಪ್ಪ ದುಂಡನೆಯ ಅಡಾಪ್ಟರ್ ಸ್ವಿಸ್ ಗೋಡೆಯ ತೂತಿಗೆ ಹೋಗಲೇ ಇಲ್ಲ. ಅಲ್ಲಿಯ ಸಾಕೆಟ್ಟಿನ ಆಕಾರವೇ ಬೇರೆ, ಸಣ್ಣ ಎರಡು ಪಿನ್ನಿನ ಫೋನ್ ಚಾರ್ಜರ್ ಮಾತ್ರ ಕೂರುತ್ತದೆ. ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯಿಸಲು ಕೂತರೆ ರಜೆಯೇ ಮುಗಿದೀತು. ಸೋಮವಾರ ಕೋ-ಆಪ್ ಅನ್ನುವ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಕೆಂಪು ಮಸೂರ ತಂದೆವು. ಕಾಲು ತಾಸಿನಲ್ಲಿ ಬೆಂದು ಕರಗುತ್ತದೆ, ಮನೆಯ ಸಾರಿನ ಪುಡಿ ಬಿದ್ದಮೇಲೆ ಯಾವ ಬೇಳೆ ಅಂತ ಅವ್ವನೇ ಕೇಳಲಿಲ್ಲ. ಮಿಗ್ರೋಸ್ ಅನ್ನುವ ಇನ್ನೊಂದು ಸೂಪರ್‌ಮಾರ್ಕೆಟ್ಟಿನ ಅಗ್ಗದ ‘ಎಂ-ಬಜೆಟ್’ ಅಕ್ಕಿ, ಕಿಲೋ ಡಬ್ಬಿಯ ಮೊಸರು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೋದರೆ ಬ್ರೆಡ್ಡು, ಹಣ್ಣಿನ ಮೇಲೆ ಇಪ್ಪತ್ತೈದು, ಐವತ್ತು ಪರ್ಸೆಂಟಿನ ಚೀಟಿ ಅಂಟಿಸಿರುತ್ತಾರೆ. ಹತ್ತು ದಿನದ ಊಟ-ತಿಂಡಿ ನಾನೂರೈವತ್ತು ಫ್ರಾಂಕಿನ ಆಸುಪಾಸು. ಮೊದಲ ಸಲ ಇಬ್ಬರು ನಾಲ್ಕು ದಿನಕ್ಕೆ ತಿಂದ ಹಣ ಅದು.

ಬೆಲೆ ಇನ್ನೂ ಇಳಿಸಬಹುದೇ ಅಂತ ಗಡಿಯ ಊರು ಬಾಸೆಲ್‌ಗೆ ಹೋದ ದಿನ ಒಂದು ಪ್ರಯೋಗ ಮಾಡಿದೆ. ಅಲ್ಲಿಯ 8ನೇ ನಂಬರ್ ಟ್ರಾಮ್ ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್‌ವರೆಗೆ ಹೋಗುತ್ತದೆ. ಸ್ವಿಸ್ ಜನರೇ ಚೀಲ ಹಿಡಿದು ಸಂತೆಗೆ ಹೋದಂತೆ ಹೋಗುತ್ತಾರೆ. ಕಾಯಿಪಲ್ಯೆ, ಎಣ್ಣೆ, ಸಾಬೂನು ಎಲ್ಲ ಅರ್ಧಕ್ಕರ್ಧ ಅಗ್ಗ. ಮೂವತ್ತು ಫ್ರಾಂಕ್ ಉಳಿಸಿದೆ ಅಂತ ಎದೆಯುಬ್ಬಿಸಿಕೊಂಡು ಬಂದೆ. ಮಗಳು ಲೆಕ್ಕ ಹಾಕಿ, “ಅಪ್ಪಾ, ಅದಕ್ಕಾಗಿ ಬಾಸೆಲ್‌ನಾಗ ನಾವು ಏನೂ ನೋಡಲೇ ಇಲ್ಲ” ಅಂದಳು. ಬಾಸೆಲ್‌ನಲ್ಲೇ ಇಳಿದುಕೊಂಡವರಿಗೆ ಈ ಉಪಾಯ ಸರಿ, ನಮ್ಮಂತೆ ಎರಡೂವರೆ ತಾಸು ದೂರದಿಂದ ಬಂದವರಿಗಲ್ಲ.

ರೈಲಿನ ಲೆಕ್ಕವೇ ಮುಖ್ಯ. ಟ್ರಾವೆಲ್ ಪಾಸ್ ಮುಟ್ಟಲಿಲ್ಲ. ಮೂವರಿಗೆ ಹಾಫ್ ಫೇರ್ ಕಾರ್ಡ್, ಆಗ ತಲೆಗೆ 120 ಫ್ರಾಂಕ್, ಒಂದು ತಿಂಗಳು ಹೆಚ್ಚಿನ ಟಿಕೆಟ್ ಅರ್ಧ ಬೆಲೆ. ಮಗಳಿಗೆ ಫ್ಯಾಮಿಲಿ ಕಾರ್ಡ್ ಪುಕ್ಕಟೆ, ಹದಿನಾರು ತುಂಬುವವರೆಗೆ ಅಪ್ಪ-ಅವ್ವನ ಜೊತೆ ರೈಲು ಫ್ರೀ. ದೂರ ಹೋಗುವ ದಿನಗಳಿಗೆ ಸೇವರ್ ಡೇ ಪಾಸ್. ಹಾಫ್ ಫೇರ್ ಇದ್ದವರಿಗೆ ಅದು ಆಗ 29 ಫ್ರಾಂಕಿನಿಂದ ಶುರು, ಆರು ತಿಂಗಳ ಮುಂಚೆಯಿಂದ ಸಿಗುತ್ತದೆ, ತಡವಾದಷ್ಟೂ ಏರುತ್ತದೆ. ರೈಲು, ಬಸ್ಸು, ಸರೋವರದ ದೋಣಿ ಎಲ್ಲಕ್ಕೂ ನಡೆಯುತ್ತದೆ. ಐದು ದಿನಕ್ಕೆ ಕೊಂಡಿದ್ದೆ, ಆಸೆಬುರುಕತನ. ಒಂದು ದಿನ ಬೆಳಗಿನಿಂದ ಸಂಜೆವರೆಗೆ ಮಳೆ, ಮೂರು ಪಾಸೂ ನೀರುಪಾಲು, ವಾಪಸಿಲ್ಲ. ಮೂರೇ ದಿನಕ್ಕೆ ಕೊಂಡು ಉಳಿದ ಎರಡು ದಿನ ಹತ್ತಿರದ ಊರುಗಳಿಗೆ ಅರ್ಧ ಟಿಕೆಟ್ಟಿನಲ್ಲಿ ಓಡಾಡಿದ್ದರೆ ನೂರು ಫ್ರಾಂಕ್ ಉಳಿಯುತ್ತಿತ್ತು. ಬೆಟ್ಟದ ಟಿಕೆಟ್ಟೂ ಸೇರಿ ಓಡಾಟ ಸಾವಿರದಿನ್ನೂರರ ಒಳಗೆ ಮುಗಿಯಿತು. ಕಾರ್ಡ್ ಯಂತ್ರ ‘ರೂಪಾಯಿಯೋ ಫ್ರಾಂಕೋ’ ಅಂತ ಕೇಳಿದಾಗ ಫ್ರಾಂಕ್ ಒತ್ತಿ. ಒಂದು ಸಲ ಮರೆತು ರೂಪಾಯಿ ಒತ್ತಿದೆ, ಅವರು ಹಾಕಿದ ರೇಟು ನೋಡಿ ತಲೆ ತಿರುಗಿತು.

ಯುಂಗ್‌ಫ್ರಾವ್ ಟಿಕೆಟ್ಟನ್ನು ಈ ಸಲ ಮುಂಚೆ ತೆಗೆಯಲಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಮೇಲಿನ ವೆಬ್‌ಕ್ಯಾಮ್ ನೋಡುವುದು, ಬೆಳ್ಳಗಿದ್ದರೆ ಮತ್ತೆ ಹೊದ್ದು ಮಲಗುವುದು. ನಾಲ್ಕು ದಿನ ಹೀಗೇ. ಐದನೇ ದಿನ ಆಕಾಶ ತೊಳೆದಿಟ್ಟಂತೆ. ಓಡಿದೆವು. ಅವ್ವನಿಗೆ ಆ ಎತ್ತರ ಬೇಡ ಅಂತ ಡಾಕ್ಟರು ಹೇಳಿದ್ದರು. ಹೆಂಡತಿ, ಮಗಳು ಮೇಲೆ ಹೋದರು, ಹೆಂಡತಿಗೆ ಅರ್ಧ ಬೆಲೆಯಲ್ಲೇ ನೂರಿಪ್ಪತ್ತರ ಸುತ್ತ ಬಿತ್ತು. ನಾನೂ ಅವ್ವನೂ ಕ್ಲೈನೆ ಶೈಡೆಗ್‌ನಲ್ಲೇ ಉಳಿದೆವು. 2,061 ಮೀಟರ್, ಎದುರಿಗೆ ಐಗರ್ ಬೆಟ್ಟದ ಕಪ್ಪು ಗೋಡೆ. ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದೆವು. ಅವ್ವ ರೊಟ್ಟಿ ಮುರಿದು ಮೊಸರಲ್ಲಿ ಅದ್ದಿ, ಮೇಲೆ ಶೇಂಗಾ ಚಟ್ನಿ ಉದುರಿಸಿ ನನ್ನ ಕೈಗಿಟ್ಟಳು. ಆ ತಣ್ಣಗಾಳಿಯಲ್ಲಿ ರೊಟ್ಟಿ ಮುರಿದ ‘ಟಕ್’ ಸದ್ದಿಗೆ ಪಕ್ಕದ ಬೆಂಚಿನ ಮುದುಕ ತಿರುಗಿ ನೋಡಿದ. ಅವನ ತಟ್ಟೆಯಲ್ಲಿದ್ದದ್ದು ಇಪ್ಪತ್ತೈದು ಫ್ರಾಂಕಿನ ಆಲೂಗಡ್ಡೆ, ಚೀಸು. ಅವ್ವ ಅವನಿಗೂ ಒಂದು ಚೂರು ಕೊಟ್ಟಳು. ಚಟ್ನಿ ಬೇಡ ಅಂತ ನಾನು ಸನ್ನೆ ಮಾಡುವುದರೊಳಗೆ ಹಚ್ಚಿ ಕೊಟ್ಟಾಗಿತ್ತು. ಕಣ್ಣಲ್ಲಿ ನೀರು ಬಂದರೂ ತಿಂದ ಪುಣ್ಯಾತ್ಮ.

ಮೇಲಿಂದ ಇಳಿದ ಹೆಂಡತಿ ಫೋನಿನಲ್ಲಿ ಮಂಜು, ಹಿಮನದಿ, ನೀಲಿ ಆಕಾಶ ತೋರಿಸುತ್ತ, “ಆರು ವರ್ಷದ ಸಾಲ ತೀರಿತು” ಅಂದಳು.

ದುಬಾರಿ ದೇಶ ಕಿಸೆಗೆ ಕೈ ಹಾಕದೆ ಬಿಡುವುದಿಲ್ಲ, ಅದೂ ನಿಜ. ಬ್ರಿಯೆನ್ಜ್ ಸರೋವರದ ದಂಡೆಯ ಇಸೆಲ್ಟ್‌ವಾಲ್ಡ್‌ನಲ್ಲಿ ನೀರಿನ ಮೇಲೆ ಚಾಚಿದ ಒಂದು ಮರದ ಹಲಗೆಯ ಕಟ್ಟೆ ಇದೆ, ಕೊರಿಯದ ಧಾರಾವಾಹಿಯೊಂದರಲ್ಲಿ ಬಂದದ್ದು. ಅದರ ಮೇಲೆ ನಿಂತು ಫೋಟೋ ತೆಗೆಯಲು ಗೇಟು ಹಾಕಿ ಐದು ಫ್ರಾಂಕ್ ಇಸಿದುಕೊಳ್ಳುತ್ತಾರೆ. ಮಗಳ ಹಟ, ಕೊಟ್ಟೆ. ಇನ್ನು ತುಪ್ಪದ ಕಥೆ. ಅವ್ವನ ಗೋಳು ಕೇಳಲಾರದೆ ಉಪ್ಪಿಲ್ಲದ ಬೆಣ್ಣೆ ಕೊಂಡು ರಾತ್ರಿ ಒಂಬತ್ತೂವರೆಗೆ ಕಾಯಿಸಿದೆವು. ಘಮ್ಮೆನ್ನುವ ವಾಸನೆ, ನಮಗೆ. ಕೆಳಗಿನ ಮನೆಯವರಿಗೆ ಅದು ಏನು ಅನ್ನಿಸಿತೋ, ಮನೆಯೊಡತಿಗೆ ದೂರು ಹೋಯಿತು, ಡೆಪಾಸಿಟ್‌ನಲ್ಲಿ ಐವತ್ತು ಫ್ರಾಂಕ್ ಕಡಿದುಕೊಂಡರು. ಬೆಣ್ಣೆಯ ನಾಲ್ಕು ಫ್ರಾಂಕ್ ಸೇರಿಸಿದರೆ ಒಂದು ಸಣ್ಣ ಬಟ್ಟಲು ತುಪ್ಪಕ್ಕೆ ಐದು ಸಾವಿರದ ಮುನ್ನೂರು ರೂಪಾಯಿ. ಅವ್ವನಿಗೆ ಇಂದಿಗೂ ಹೇಳಿಲ್ಲ.

ಮೇಲಿನ ಆರು ಇಪ್ಪತ್ತರಲ್ಲಿ ಒಂದು ಖರ್ಚು ಮಾತ್ರ ಸೇರಿಲ್ಲ. ಸೆಪ್ಟೆಂಬರಿನಲ್ಲಿ ಮೇಲಿನ ಹುಲ್ಲುಗಾವಲಿನಿಂದ ದನಗಳನ್ನು ಊರಿಗೆ ಇಳಿಸುತ್ತಾರೆ, ಕೊರಳಿಗೆ ಗಂಟೆ, ತಲೆಗೆ ಹೂವು. ನಮ್ಮ ಕಾರ ಹುಣ್ಣಿಮೆಯ ಹಾಗೆಯೇ. ಅವ್ವ ಆಲ್ಪ್ಸ್ ಬೆಟ್ಟ ನೋಡಿದ್ದಕ್ಕಿಂತ ಆ ಆಕಳುಗಳ ಕೆಚ್ಚಲು ನೋಡಿದ್ದೇ ಹೆಚ್ಚು. ಮೂವತ್ತೆಂಟು ಫ್ರಾಂಕ್ ಕೊಟ್ಟು ಒಂದು ಕೊರಳಗಂಟೆ ಕೊಂಡಳು. ಈಗ ಅದು ಊರಲ್ಲಿ ಕಾಕಾನ ಆಕಳ ಕೊರಳಲ್ಲಿದೆ. ರಾತ್ರಿಯೆಲ್ಲ ಬಾರಿಸಿ ನಿದ್ದೆ ಕೆಡಿಸುತ್ತದೆ ಅಂತ ಅವರು ಅದರ ನಾಲಿಗೆಗೆ ಅರಿವೆ ಸುತ್ತಿದ್ದಾರೆ.